ಹೆಸರು ಸಿಕ್ಕಿತು, ನೀರೆಲ್ಲಿ? ಅಮಾಜಿಘ್ ಚಳವಳಿಯ ತಲೆಮಾರುಗಳು

(ಓದುಗರ ಬಳಗವೊಂದರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ. ಸಭಿಕರು ಕೇಳಿದ ಎರಡು ಪ್ರಶ್ನೆಗಳು ಕೊನೆಯಲ್ಲಿವೆ.)

ಸ್ನೇಹಿತರೇ,

ನಡೆಯದೇ ಹೋದ ಒಂದು ಉಪನ್ಯಾಸದ ಕಥೆಯಿಂದ ಶುರು ಮಾಡುತ್ತೇನೆ. 1980ರ ಮಾರ್ಚ್ 10. ಅಲ್ಜೀರಿಯಾದ ತಿಜಿ ಉಜು ಎಂಬ ಊರಿನ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳು ಸಭಾಂಗಣ ತುಂಬಿ ಕಾಯುತ್ತಿದ್ದರು. ಮಾತಾಡಬೇಕಿದ್ದವರು ಮುಲೂದ್ ಮಮ್ಮೇರಿ, ಕಾದಂಬರಿಕಾರ, ಭಾಷಾ ವಿದ್ವಾಂಸ. ವಿಷಯ, ಕಬೀಲಿಯಾ ಬೆಟ್ಟಸೀಮೆಯ ಹಳೆಯ ಕವಿತೆಗಳು. ಊರು ಇನ್ನೂ ಸುಮಾರು ಹತ್ತು ಕಿಲೋಮೀಟರ್ ಇದೆ ಎನ್ನುವಾಗ ದ್ರಾ ಬೆನ್ ಖದ್ದಾ ಎಂಬಲ್ಲಿ ಪೊಲೀಸರು ಅವರ ಕಾರು ತಡೆದರು. ಪ್ರಾಂತ್ಯದ ಅಧಿಕಾರಿಯ ಮುಂದೆ ಕರೆದೊಯ್ದರು. ಉಪನ್ಯಾಸ ರದ್ದಾಗಿದೆ, ಸಾರ್ವಜನಿಕ ಶಾಂತಿಗೆ ಭಂಗ ಬರಬಹುದು ಎಂದು ಹೇಳಿ ವಾಪಸು ಕಳಿಸಿದರು. ಮರುದಿನವೇ ವಿದ್ಯಾರ್ಥಿಗಳು ಬೀದಿಗಿಳಿದರು. ತಿಂಗಳೊಪ್ಪತ್ತಿನಲ್ಲಿ ಆಸ್ಪತ್ರೆಯ ನೌಕರರು, ಕಾರ್ಖಾನೆಯ ಕಾರ್ಮಿಕರು, ಅಂಗಡಿಯವರು ಎಲ್ಲ ಸೇರಿಕೊಂಡರು. ಏಪ್ರಿಲ್ 20ರ ನಸುಕಿನಲ್ಲಿ ಪಡೆಗಳು ಹಾಸ್ಟೆಲುಗಳಿಗೆ ನುಗ್ಗಿ, ಮಲಗಿದ್ದ ಹುಡುಗರನ್ನು ಹಾಸಿಗೆಯಿಂದೆಬ್ಬಿಸಿ ಹೊಡೆದವು. 24 ಜನರನ್ನು ಜೈಲಿಗೆ ಹಾಕಿದರು. ಇದನ್ನೇ ಇಂದಿಗೂ ‘ತಫ್ಸುತ್ ಇಮಾಜಿಘೆನ್’, ಅಮಾಜಿಘ್ ವಸಂತ ಎಂದು ಕರೆಯುತ್ತಾರೆ. ಪ್ರತಿ ಏಪ್ರಿಲ್ 20ಕ್ಕೆ ಅದನ್ನು ನೆನೆಯುತ್ತಾರೆ.

ಹಳೆಯ ಪುಸ್ತಕಗಳಲ್ಲಿ ‘ಬರ್ಬರರು’ ಎಂದು ಓದಿರುತ್ತೀರಿ. ಅವರೇ ಈ ಅಮಾಜಿಘ್ ಜನ. ಅರಬ್ಬರು ಬರುವ ಮೊದಲು, ರೋಮನ್ನರು ಬರುವ ಮೊದಲೂ ಉತ್ತರ ಆಫ್ರಿಕದಲ್ಲಿ ಇದ್ದ ಜನ. ಮೊರಾಕೊದ ರಿಫ್, ಅಟ್ಲಾಸ್ ಬೆಟ್ಟಗಳು, ಸೂಸ್ ಬಯಲು. ಅಲ್ಜೀರಿಯಾದ ಕಬೀಲಿಯಾ, ಔರೆಸ್, ಮ್ಜಾಬ್. ಲಿಬಿಯಾದ ನಫೂಸಾ ಬೆಟ್ಟ. ಟ್ಯುನೀಸಿಯಾದ ಕೆಲವು ಹಳ್ಳಿಗಳು. ಈಜಿಪ್ಟಿನ ಸೀವಾ ಓಯಸಿಸ್. ಮಾಲಿ, ನೈಜರ್ ಮರುಭೂಮಿಯ ತುವಾರೆಗ್ ಜನ. ಇವರೆಲ್ಲರ ನುಡಿಗಳನ್ನು ಒಟ್ಟಾಗಿ ತಮಾಜಿಘ್ತ್ ಎನ್ನುತ್ತಾರೆ. ಬರೆಯಲು ಟಿಫಿನಾಘ್ ಎಂಬ ಪ್ರಾಚೀನ ಲಿಪಿಯಿದೆ. ಅದನ್ನು ಸಾವಿರಾರು ವರ್ಷ ಜೀವಂತ ಇಟ್ಟವರು ತುವಾರೆಗ್ ಜನ.

ಇವತ್ತು ನಾನು ಈ ಜನರ ಇತಿಹಾಸ ಹೇಳಲು ಹೊರಟಿಲ್ಲ. ನನ್ನ ಮಾತು ಅವರ ಯುವಕರ ಬಗ್ಗೆ. ಈ ಚಳವಳಿಯ ಹಿರಿಯರಿಂದ ಒಂದು ಕೊರಗು ಕೇಳಿಬರುತ್ತದೆ. ನಾವು ಭಾಷೆಗಾಗಿ ಜೈಲಿಗೆ ಹೋದೆವು, ಈಗಿನವರು ಆಸ್ಪತ್ರೆ, ನೌಕರಿ, ನೀರು ಎಂದು ಕೂಗುತ್ತಾರೆ, ಭಾಷೆ ಹಿಂದೆ ಬಿತ್ತು ಎನ್ನುವುದು ಆ ಕೊರಗು. ನನಗೆ ಇದು ತಪ್ಪು ಓದು ಎನಿಸುತ್ತದೆ. ಭಾಷೆಗೆ ಮಾನ್ಯತೆ ಕೊಡಿ ಎಂದು ಕೇಳುವುದರಿಂದ ಹಿಡಿದು, ಆ ಭಾಷೆಯಾಡುವ ಜನ ಅವರ ನೆಲದಲ್ಲೇ ಬದುಕುವುದು ಹೇಗೆ ಎಂದು ಕೇಳುವವರೆಗೆ ಈ ಚಳವಳಿ ಬೆಳೆದಿದೆ. ಬೆಳೆಸಿದವರು ಮಕ್ಕಳು.

ಹಿರಿಯರಿಗೂ ನ್ಯಾಯ ಸಲ್ಲಬೇಕು. ಅವರೂ ಶುರು ಮಾಡಿದ್ದು ಎಳೆಯ ವಯಸ್ಸಿನಲ್ಲೇ. 1945ರಲ್ಲಿ ಅಲ್ಜಿಯರ್ಸ್‌ನ ಬೆನ್ ಅಕ್ನೂನ್ ಶಾಲೆಯ ವಿದ್ಯಾರ್ಥಿ ಮೊಹಾಂದ್ ಇದಿರ್ ಐತ್ ಅಮ್ರಾನ್ ಕಬೀಲಿ ನುಡಿಯಲ್ಲಿ ಒಂದು ಹಾಡು ಕಟ್ಟಿದ. ‘ಏಳು, ಅಮಾಜಿಘ್‌ನ ಮಗನೇ’ ಎನ್ನುವ ಕರೆ ಅದು. ಆಗಿನ್ನೂ ಫ್ರೆಂಚರ ಆಳ್ವಿಕೆ. ನಾಲ್ಕು ವರ್ಷ ಕಳೆದು, ಸ್ವಾತಂತ್ರ್ಯ ಚಳವಳಿಯ ಒಳಗೇ ಜಗಳವೆದ್ದಿತು. ಬರಲಿರುವ ದೇಶ ಅರಬ್ ಅಲ್ಜೀರಿಯಾವೋ, ಅಲ್ಜೀರಿಯನ್ನರ ಅಲ್ಜೀರಿಯಾವೋ? ಎರಡನೆಯದು ಎಂದ ಕಬೀಲಿ ತರುಣರನ್ನು ಪಕ್ಷದಿಂದ ಹೊರಗೆ ಹಾಕಿದರು. ಸ್ವಾತಂತ್ರ್ಯ ಬಂದ ಮೇಲೂ ಅವರ ಮೇಲಿನ ಅನುಮಾನ ಹೋಗಲಿಲ್ಲ.

ಆ ಅನುಮಾನದ ಬೇರು ಮೊರಾಕೊದಲ್ಲಿದೆ. 1930ರ ಮೇ 16ರಂದು ಫ್ರೆಂಚರು ಒಂದು ಆಜ್ಞೆ ಹೊರಡಿಸಿ, ಅಮಾಜಿಘ್ ಬುಡಕಟ್ಟುಗಳನ್ನು ಇಸ್ಲಾಮೀ ನ್ಯಾಯಾಲಯಗಳ ವ್ಯಾಪ್ತಿಯಿಂದ ಹೊರಗಿಟ್ಟು ಪ್ರತ್ಯೇಕ ಕಾನೂನಿಗೆ ಒಳಪಡಿಸಿದರು. ಒಡೆದು ಆಳುವ ಹುನ್ನಾರವೇ ಅದು. ನಗರಗಳ ಮಸೀದಿಗಳಲ್ಲಿ ‘ನಮ್ಮನ್ನೂ ನಮ್ಮ ಬರ್ಬರ್ ಸೋದರರನ್ನೂ ಅಗಲಿಸಬೇಡ’ ಎಂಬ ಪ್ರಾರ್ಥನೆ ಮೊಳಗಿತು. ಮೊರಾಕೊದ ರಾಷ್ಟ್ರೀಯತೆ ಹುಟ್ಟಿದ್ದೇ ಆ ಪ್ರಾರ್ಥನೆಯಲ್ಲಿ ಎಂದು ಶಾಲಾ ಪುಸ್ತಕಗಳು ಕಲಿಸಿದವು. ಆಮೇಲೆ ಯಾರು ತಮಾಜಿಘ್ತ್ ಪರವಾಗಿ ಬಾಯಿ ತೆರೆದರೂ ‘ನೀನು ಫ್ರೆಂಚರ ಕೂಸು’ ಎನ್ನಬಹುದಾಯಿತು. ಮೊದಲ ತಲೆಮಾರಿನವರ ಅರ್ಧ ಶಕ್ತಿ ತಾವು ದೇಶದ್ರೋಹಿಗಳಲ್ಲ ಎಂದು ಸಾಬೀತುಪಡಿಸುವುದರಲ್ಲೇ ಸವೆಯಿತು. ಅವರ ಮಾತು ಅಷ್ಟು ಮೆಲುವಾಗಿದ್ದುದು ಇದೇ ಕಾರಣಕ್ಕೆ. 1967ರಲ್ಲಿ ಬ್ರಾಹಿಂ ಅಖಿಯಾತ್ ಮತ್ತು ಗೆಳೆಯರು ರಬಾತ್‌ನಲ್ಲಿ ಸಂಘ ಕಟ್ಟಿದಾಗ ಅದರ ಹೆಸರಿನಲ್ಲಿ ‘ಅಮಾಜಿಘ್’ ಪದವೇ ಇರಲಿಲ್ಲ. ‘ಸಂಶೋಧನೆ ಮತ್ತು ಸಾಂಸ್ಕೃತಿಕ ವಿನಿಮಯದ ಮೊರಾಕೊ ಸಂಘ’ ಎಂದಷ್ಟೇ ಇಟ್ಟರು. ಅದೇ ದಶಕದ ಕೊನೆಗೆ ಪ್ಯಾರಿಸ್‌ನಲ್ಲಿ ವಲಸೆ ಕಾರ್ಮಿಕರ ಕಾಫಿ ಅಂಗಡಿಗಳ ಸುತ್ತ ಬೆಳೆದ ‘ಬರ್ಬರ್ ಅಕಾಡೆಮಿ’ ಧೈರ್ಯವಾಗಿ ಮಾತಾಡಿತು, ನಿಜ. ಟಿಫಿನಾಘ್ ಅಕ್ಷರಗಳನ್ನು ಇಂದಿನ ಬಳಕೆಗೆ ತಿದ್ದಿ ಹಂಚಿದ್ದು, ನೀಲಿ, ಹಸಿರು, ಹಳದಿ ಪಟ್ಟೆಗಳ ಮೇಲೆ ಕೆಂಪು ‘ಯಝ್’ ಅಕ್ಷರವಿರುವ ಬಾವುಟ ರೂಪಿಸಿದ್ದು ಅವರೇ. ಆದರೆ ಅದು ಪ್ಯಾರಿಸ್. ಊರಲ್ಲಿ ಪರಿಸ್ಥಿತಿ ಬೇರೆ. ಮೊರಾಕೊದ ಇತಿಹಾಸಕಾರ, ಕವಿ ಅಲಿ ಸಿದ್ಕಿ ಅಝಾಯ್ಕು ರಾಷ್ಟ್ರೀಯ ಸಂಸ್ಕೃತಿಯ ಬಗ್ಗೆ ಬರೆದ ಒಂದೇ ಒಂದು ಲೇಖನಕ್ಕಾಗಿ 1982ರಲ್ಲಿ ಜೈಲು ಸೇರಿದರು.

ಈಗ ಮಕ್ಕಳ ಕಡೆ ಬರೋಣ. 1980ರ ವಸಂತದ ಪೀಳಿಗೆಗೆ ಮಕ್ಕಳಾದಾಗ ಅವರು ಇಟ್ಟ ಹೆಸರುಗಳನ್ನು ನೋಡಿ: ಮಸ್ಸಿನಿಸ್ಸಾ, ಜುಗುರ್ತಾ, ದಿಹ್ಯಾ. ಎರಡು ಸಾವಿರ ವರ್ಷ ಹಿಂದಿನ ನುಮಿಡಿಯಾದ ದೊರೆಗಳ ಹೆಸರು, ಅರಬ್ ಸೇನೆಯನ್ನು ಎದುರಿಸಿದ ರಾಣಿಯ ಹೆಸರು. ಈ ಮಕ್ಕಳು ಶಾಲೆಗೆ ಹೋಗುವ ವಯಸ್ಸಿನಲ್ಲಿ, 1994ರ ಸೆಪ್ಟೆಂಬರಿನಲ್ಲಿ, ಕಬೀಲಿಯಾದಲ್ಲಿ ‘ಶಾಲಾಚೀಲದ ಮುಷ್ಕರ’ ಶುರುವಾಯಿತು. ತಮಾಜಿಘ್ತ್ ಕಲಿಸದ ಶಾಲೆಗೆ ನಾವು ಬರುವುದಿಲ್ಲ ಎಂದು ಲಕ್ಷಾಂತರ ಮಕ್ಕಳು ಮನೆಯಲ್ಲೇ ಉಳಿದರು. ಒಂದೆರಡು ದಿನವಲ್ಲ, ಮುಂದಿನ ಏಪ್ರಿಲ್‌ವರೆಗೂ. ಇಡೀ ಒಂದು ಪ್ರಾಂತ್ಯದ ಒಂದು ಶೈಕ್ಷಣಿಕ ವರ್ಷ ಹೋಯಿತು. ಅದೂ ದೇಶ ಅಂತರ್ಯುದ್ಧದಲ್ಲಿ ಬೇಯುತ್ತಿದ್ದ ಹೊತ್ತು. ನಿಮ್ಮಲ್ಲಿ ತಂದೆತಾಯಂದಿರು ಇದ್ದೀರಿ. ಮಕ್ಕಳ ಒಂದು ವರ್ಷವನ್ನು ಪಣಕ್ಕಿಡುವುದೆಂದರೆ ಏನೆಂದು ನಿಮಗೆ ನಾನು ವಿವರಿಸಬೇಕಿಲ್ಲ. 1995ರ ಮೇ ತಿಂಗಳಲ್ಲಿ ಸರ್ಕಾರ ಅಮಾಜಿಘ್ ಉನ್ನತ ಆಯೋಗ ರಚಿಸಿತು. ಅದರ ಮೊದಲ ಮುಖ್ಯಸ್ಥ ಯಾರು ಗೊತ್ತೇ? 1945ರಲ್ಲಿ ಹಾಡು ಕಟ್ಟಿದ ಅದೇ ಐತ್ ಅಮ್ರಾನ್. ಎಪ್ಪತ್ತು ದಾಟಿದ್ದ ಅವರನ್ನು ಆ ಕುರ್ಚಿಯಲ್ಲಿ ಕೂರಿಸಿದವರು ಚೀಲ ಕೆಳಗಿಟ್ಟ ಮಕ್ಕಳು.

ಮೊರಾಕೊದಲ್ಲಿ ಅದೇ 1994ರಲ್ಲಿ, ಮೇ ದಿನದ ಮೆರವಣಿಗೆಯಲ್ಲಿ, ಗುಲ್ಮಿಮಾ ಊರಿನ ‘ತಿಲೆಲ್ಲಿ’ ಸಂಘದವರು ಟಿಫಿನಾಘ್ ಬರಹದ ಬ್ಯಾನರ್ ಹಿಡಿದರು. ಹೆಚ್ಚಿನವರು ಶಾಲಾ ಮಾಸ್ತರರು. ಬಂಧನವಾಯಿತು, ಶಿಕ್ಷೆಯಾಯಿತು. ವಕೀಲರು ದೇಶದ ಮೂಲೆಮೂಲೆಗಳಿಂದ ಬಂದು ಅವರ ಪರ ನಿಂತರು. ಆಗಸ್ಟ್ 20ರಂದು ದೊರೆ ಎರಡನೇ ಹಸನ್ ಭಾಷಣ ಮಾಡಿ, ಈ ನುಡಿಗಳನ್ನು ಶಾಲೆಯಲ್ಲಿ ಕಲಿಸಬೇಕು ಎಂದರು. ಅಂದರು, ಅಷ್ಟೇ. ಒಂಬತ್ತು ವರ್ಷ ಏನೂ ಆಗಲಿಲ್ಲ.

2001 ನನಗೆ ಈ ಇಡೀ ಕಥೆಯ ನಡುಗಂಬ. ಒಂದೇ ವರ್ಷದಲ್ಲಿ ಎರಡು ದೇಶಗಳಲ್ಲಿ ಎರಡು ದಾರಿ ತೆರೆದವು. ಏಪ್ರಿಲ್ 18ರಂದು ಕಬೀಲಿಯಾದ ಬೆನಿ ದುವಾಲಾದಲ್ಲಿ ಮಸ್ಸಿನಿಸ್ಸಾ ಗೆರ್ಮಾ ಎಂಬ ವಿದ್ಯಾರ್ಥಿಗೆ ಪೊಲೀಸ್ ಠಾಣೆಯೊಳಗೇ ಗುಂಡು ಬಿತ್ತು. ಎರಡು ದಿನ ಬಿಟ್ಟು ಪ್ರಾಣ ಹೋಯಿತು, ಸರಿಯಾಗಿ ವಸಂತದ ವಾರ್ಷಿಕೋತ್ಸವದಂದು. ಆಮೇಲಿನ ತಿಂಗಳುಗಳಲ್ಲಿ 120ಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಹುಡುಗರು. ಅವರು ಕಿರುಚುತ್ತಿದ್ದುದು ‘ನೀವು ನಮ್ಮನ್ನು ಕೊಲ್ಲಲಾರಿರಿ, ನಾವಾಗಲೇ ಸತ್ತಿದ್ದೇವೆ’ ಎಂದು. ಆ ಘೋಷಣೆಯಲ್ಲಿ ಭಾಷೆಯ ಸುದ್ದಿಯೇ ಇಲ್ಲ ಎಂಬುದನ್ನು ಗಮನಿಸಿ. ಹೊಸ ತಲೆಮಾರಿನ ದನಿ ಅಲ್ಲೇ ಕೇಳಿಸುತ್ತಿದೆ: ಕೆಲಸವಿಲ್ಲ, ಗೌರವವಿಲ್ಲ, ಠಾಣೆಗೆ ಹೋದರೆ ಜೀವಕ್ಕೆ ಬೆಲೆಯಿಲ್ಲ. ಚಳವಳಿಯ ಚುಕ್ಕಾಣಿ ಮಾತ್ರ ‘ಅರೂಶ್’ ಎಂಬ ಹಳೆಯ ಊರಪಂಚಾಯಿತಿ ಮಾದರಿಯ ಸಮಿತಿಗಳ ಕೈಗೆ ಹೋಯಿತು. ಪ್ರತಿನಿಧಿಗಳು ಬಹುಪಾಲು ಗಂಡಸರೇ. ಬೀದಿಯಲ್ಲಿ ಹೆಣವಾದವರು ಹುಡುಗರು, ಮಾತುಕತೆಗೆ ಕೂತವರು ಬೇರೆ. ಜೂನ್ 14ರಂದು ಲಕ್ಷಗಟ್ಟಲೆ ಜನ ಅಲ್ಜಿಯರ್ಸ್‌ಗೆ ನಡೆದರು. ಅಂದಿನ ಗಲಭೆಯ ನಂತರ ರಾಜಧಾನಿಯಲ್ಲಿ ಮೆರವಣಿಗೆಗಳನ್ನೇ ನಿಷೇಧಿಸಿದರು. ಮರುವರ್ಷ ತಮಾಜಿಘ್ತ್‌ಗೆ ‘ರಾಷ್ಟ್ರೀಯ ಭಾಷೆ’ ಪಟ್ಟ ಸಿಕ್ಕಿತು.

ಮೊರಾಕೊದಲ್ಲಿ 2001ರ ಅಕ್ಟೋಬರ್ 17ರಂದು ಹೊಸ ದೊರೆ ಆರನೇ ಮೊಹಮ್ಮದ್ ಅಜ್ದಿರ್‌ನಲ್ಲಿ ಭಾಷಣ ಮಾಡಿ ಅಮಾಜಿಘ್ ಸಂಸ್ಕೃತಿಗೆ ರಾಜ ಸಂಸ್ಥೆಯೊಂದನ್ನು ಘೋಷಿಸಿದರು. ಮೊದಲ ಮುಖ್ಯಸ್ಥ ಮೊಹಮ್ಮದ್ ಶಫೀಕ್, ಹಿಂದಿನ ವರ್ಷವಷ್ಟೇ ‘ಬರ್ಬರ್ ಪ್ರಣಾಳಿಕೆ’ ಬರೆದಿದ್ದ ಹಿರಿಯರು. 2003ರಲ್ಲಿ ಟಿಫಿನಾಘ್ ಅಧಿಕೃತ ಲಿಪಿಯಾಯಿತು. ಆ ಸೆಪ್ಟೆಂಬರಿನಲ್ಲಿ ಮುನ್ನೂರು ಚಿಲ್ಲರೆ ಶಾಲೆಗಳಲ್ಲಿ ಪಾಠ ಶುರುವಾಯಿತು. ಸಣ್ಣ ಸಾಧನೆಯಲ್ಲ. ಆದರೆ ಹಿರಿಯರಲ್ಲಿ ಅನೇಕರು ಅರಮನೆಯ ಸಂಸ್ಥೆಯ ಒಳಗೆ ಹೋದರು, ಮಕ್ಕಳು ವಿಶ್ವವಿದ್ಯಾಲಯದ ಅಂಗಳದಲ್ಲಿ ಉಳಿದರು. 2005ರಲ್ಲಿ ಸಂಸ್ಥೆಯ ಮಂಡಳಿಯ ಏಳು ಸದಸ್ಯರೇ ಬೇಸತ್ತು ಹೊರನಡೆದರು. ಅಗಾದಿರ್, ಮೆಕ್ನೆಸ್, ಅರ್ರಶೀದಿಯಾ ಕ್ಯಾಂಪಸ್‌ಗಳಲ್ಲಿ ‘ಅಮಾಜಿಘ್ ಸಾಂಸ್ಕೃತಿಕ ಚಳವಳಿ’ ಎಂಬ ವಿದ್ಯಾರ್ಥಿ ಬಣ ವೃತ್ತಾಕಾರವಾಗಿ ನಿಂತು ಗಂಟೆಗಟ್ಟಲೆ ಚರ್ಚೆ ನಡೆಸುತ್ತಿತ್ತು. ದೊರೆ ಕೊಟ್ಟದ್ದು ಮೂಗಿಗೆ ಸವರಿದ ತುಪ್ಪ ಎನ್ನುವುದು ಆ ಹುಡುಗರ ವಾದ. ಇತರ ವಿದ್ಯಾರ್ಥಿ ಬಣಗಳ ಜೊತೆ ಹೊಡೆದಾಟಗಳೂ ಆದವು, 2007ರಲ್ಲಿ ಜೀವಗಳೇ ಹೋದವು, ಕೆಲವರು ಸುಮಾರು ಒಂದು ದಶಕ ಜೈಲಿನಲ್ಲಿ ಕಳೆದರು. ಈ ಭಾಗವನ್ನು ನಾನು ಹೊಗಳಲಾರೆ. ಕ್ಯಾಂಪಸ್ ಹಿಂಸೆ ಆ ಚಳವಳಿಯಿಂದ ಅತ್ಯುತ್ತಮ ಹುಡುಗರನ್ನು ಕಸಿದುಕೊಂಡಿತು.

2011ರಲ್ಲಿ ಮೊರಾಕೊದಲ್ಲಿ ರಾಜಕೀಯ ಸುಧಾರಣೆ ಕೇಳಿ ಎದ್ದ ‘ಫೆಬ್ರವರಿ 20ರ ಚಳವಳಿ’ಯಲ್ಲಿ ಈ ತರುಣರು ಬಾವುಟ ಹಿಡಿದು ಮುಂಚೂಣಿಯಲ್ಲಿದ್ದರು. ಆ ಜುಲೈನಲ್ಲಿ ಬಂದ ಸಂವಿಧಾನದ 5ನೇ ವಿಧಿ ಅಮಾಜಿಘ್ ಅನ್ನು ಅಧಿಕೃತ ಭಾಷೆ ಎಂದಿತು. ಹಿರಿಯರ ಮಟ್ಟಿಗೆ ಅದು ಶಿಖರ. ಅದೇ ಬೇಸಿಗೆಯಲ್ಲಿ, ಅದೇ ದೇಶದ ಆಗ್ನೇಯ ಮೂಲೆಯಲ್ಲಿ ಏನು ನಡೆಯಿತು ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇವತ್ತಿನ ನನ್ನ ಮಾತಿನ ತಿರುಳು ಅಲ್ಲಿದೆ.

ತಿಂಘೀರ್ ಪ್ರಾಂತ್ಯದಲ್ಲಿ ಇಮಿದರ್ ಎಂಬ ಹಳ್ಳಿಗಳ ಗುಂಪಿದೆ. ಐತ್ ಅತ್ತಾ ಬುಡಕಟ್ಟಿನ ಜನ, ಒಣ ಬೆಟ್ಟಗಳ ನಡುವೆ ಬಾದಾಮಿ ಬೆಳೆಯುವವರು. ಪಕ್ಕದಲ್ಲೇ ಆಫ್ರಿಕದ ಅತಿ ದೊಡ್ಡ ಬೆಳ್ಳಿ ಗಣಿಗಳಲ್ಲೊಂದು. ಅದಿರು ಸಂಸ್ಕರಿಸಲು ನೀರು ಬೇಕು. ಗಣಿ ನೀರೆತ್ತಿದಂತೆ ‘ಖತ್ತಾರಾ’ ಎನ್ನುವ ಊರಿನ ನೆಲದಡಿಯ ಕಾಲುವೆಗಳು ಒಣಗಿದವು. 1996ರಲ್ಲಿ ಊರವರು ರಸ್ತೆ ಬದಿ ಧರಣಿ ಕೂತಾಗ ಪಡೆಗಳು ಬಂದು ಚದುರಿಸಿದವು. ಹದಿನೈದು ವರ್ಷ ಕಳೆಯಿತು. 2011ರ ಬೇಸಿಗೆಯಲ್ಲಿ ಊರಿನ ಕಾಲೇಜು ಹುಡುಗರು ವಾಡಿಕೆಯಂತೆ ರಜೆಯ ಕೆಲಸ ಕೇಳಲು ಗಣಿಗೆ ಹೋದರು. ಸಿಗಲಿಲ್ಲ. ಅಲ್ಲಿಂದ ಹತ್ತಿಕೊಂಡಿತು. ಆಗಸ್ಟಿನಲ್ಲಿ ಊರವರು ಅಲೆಬ್ಬಾನ್ ಬೆಟ್ಟ ಹತ್ತಿ, ಗಣಿಗೆ ನೀರು ಒಯ್ಯುವ ಕೊಳವೆಯ ಕವಾಟವನ್ನು ತಿರುಗಿಸಿ ಮುಚ್ಚಿದರು. ಮುಚ್ಚಿ, ಅಲ್ಲೇ ಕಾವಲು ಕೂತರು. ತಮಗೆ ಇಟ್ಟುಕೊಂಡ ಹೆಸರು ‘96ರ ಹಾದಿಯ ಚಳವಳಿ’. ಸೋತ ತಂದೆತಾಯಂದಿರ ಹೋರಾಟದ ಹೆಸರನ್ನೇ ಮಕ್ಕಳು ಎತ್ತಿಕೊಂಡರು. ತಲೆಮಾರುಗಳ ನಡುವೆ ಬಿರುಕು ಹುಡುಕುವವರು ಇದನ್ನು ನೋಡಬೇಕು.

ಬೆಟ್ಟದ ಮೇಲಿನ ಡೇರೆಗಳು ನಿಧಾನವಾಗಿ ಕಲ್ಲುಮಣ್ಣಿನ ಪುಟ್ಟ ಕೋಣೆಗಳಾದವು. ನಿರ್ಧಾರವೆಲ್ಲ ‘ಅಗ್ರಾವ್’ ಎಂಬ ಬಯಲು ಸಭೆಯಲ್ಲಿ. ಅಗ್ರಾವ್ ಹೊಸದಲ್ಲ, ಬುಡಕಟ್ಟಿನ ಹಳೆಯ ಪದ್ಧತಿ. ಆದರೆ ಹಳೆಯ ಅಗ್ರಾವ್ ಗಂಡಸರದು. ಅಲೆಬ್ಬಾನ್‌ನಲ್ಲಿ ಹೆಂಗಸರು ಕೂತರು, ಮಾತಾಡಿದರು, ಅವರ ಒಪ್ಪಿಗೆಯಿಲ್ಲದೆ ಯಾವುದೂ ತೀರ್ಮಾನವಾಗಲಿಲ್ಲ. ಮಕ್ಕಳೂ ಸುತ್ತ ಕೂತು ಕೇಳುತ್ತಿದ್ದರು. ಸಭೆ ನಡೆದದ್ದು ತಮಾಜಿಘ್ತ್‌ನಲ್ಲಿ. ನೀರಿನ ಲೆಕ್ಕ, ಮಾಲಿನ್ಯದ ಲೆಕ್ಕ, ಕಂಪನಿಯ ಜೊತೆಗಿನ ಕರಾರಿನ ಷರತ್ತು, ಎಲ್ಲವೂ ಆ ನುಡಿಯಲ್ಲೇ. ಒಂದು ಭಾಷೆ ಬದುಕಿದೆ ಎನ್ನಲು ಇದಕ್ಕಿಂತ ದೊಡ್ಡ ಪುರಾವೆ ಯಾವ ಅಕಾಡೆಮಿಯಲ್ಲಿ ಸಿಗುತ್ತದೆ? ಹತ್ತಾರು ಹುಡುಗರು ಜೈಲಿಗೆ ಹೋಗಿಬಂದರು. ಎಂಟು ವರ್ಷ ಆ ಬೆಟ್ಟ ಬಿಡಲಿಲ್ಲ. 2019ರ ಸೆಪ್ಟೆಂಬರಿನಲ್ಲಿ ಶಿಬಿರ ಎತ್ತಿದರು, ಕೇಳಿದ್ದೆಲ್ಲ ಸಿಗದೆಯೇ. ಗೆದ್ದರೆಂದು ನಾನು ಹೇಳುವುದಿಲ್ಲ. ಆದರೆ 2018ರ ಹೊತ್ತಿಗೆ ಸೂಸ್ ಸೀಮೆಯ ತರುಣರು ಕಾಸಾಬ್ಲಾಂಕಾದಲ್ಲಿ ‘ಅಕಾಲ್’, ಅಂದರೆ ನೆಲ, ಎಂಬ ಒಂದೇ ಪದವನ್ನು ಹಿಡಿದು ಮೆರವಣಿಗೆ ಮಾಡಿದಾಗ ಅವರ ಪ್ರಶ್ನೆಗಳು ಇಮಿದರ್‌ನವೇ ಆಗಿದ್ದವು. ಅರಣ್ಯದ ಗಡಿ ಯಾರು ಗೆರೆ ಎಳೆದರು, ನಮ್ಮ ಅರ್ಗಾನ್ ಮರಗಳು ಯಾರವು?

ಇನ್ನು ರಿಫ್. ಅಲ್ ಹುಸೈಮಾ ಎಂಬ ಕಡಲತಡಿಯ ಊರು. 2016ರ ಅಕ್ಟೋಬರ್ 28ರ ರಾತ್ರಿ ಮುಹ್ಸಿನ್ ಫಿಕ್ರಿ ಎಂಬ ಮೀನು ವ್ಯಾಪಾರಿಯ ಮಾಲನ್ನು ಅಧಿಕಾರಿಗಳು ಜಪ್ತಿ ಮಾಡಿ ಕಸದ ಲಾರಿಗೆ ಎಸೆದರು. ಮೀನು ಉಳಿಸಿಕೊಳ್ಳಲು ಅವನು ಲಾರಿಯೊಳಗೆ ಹಾರಿದ. ಯಂತ್ರ ಚಾಲೂ ಆಯಿತು. ಅವನಿಗೆ 31 ವರ್ಷ. ಆ ರಾತ್ರಿಯಿಂದ ಏಳೆಂಟು ತಿಂಗಳು ಊರು ಬೀದಿಯಲ್ಲೇ ಇತ್ತು. ಇದೇ ರಿಫ್ ‘ಹಿರಾಕ್’, ಅಂದರೆ ಚಳವಳಿ. ಮುಂದೆ ನಿಂತವನು ನಾಸಿರ್ ಝಫ್ಝಾಫಿ, ಕೆಲಸವಿಲ್ಲದ, ಯಾವ ಪಕ್ಷಕ್ಕೂ ಸೇರದ ಮೂವತ್ತೇಳರ ಮನುಷ್ಯ. ಫೋನು ಎದುರಿಗಿಟ್ಟು ಫೇಸ್‌ಬುಕ್ ಲೈವ್‌ನಲ್ಲಿ ರಿಫ್ ನುಡಿಯಲ್ಲೂ ಅರಬ್ಬಿಯಲ್ಲೂ ಮಾತಾಡುತ್ತಿದ್ದ. ಅವನಾಡಿದ ಹೆಸರುಗಳು 1921ರ ಅನ್ವಾಲ್ ಕದನದಲ್ಲಿ ಸ್ಪೇನಿನ ಸೇನೆಯನ್ನು ಮುರಿದ ಅಬ್ದುಲ್ ಕರೀಮ್ ಖತ್ತಾಬಿಯದು, 1958-59ರಲ್ಲಿ ಸ್ವತಂತ್ರ ಮೊರಾಕೊದ ಸೇನೆಯೇ ರಿಫ್ ಮೇಲೆ ಬಿದ್ದಾಗ ಸತ್ತವರದು. ಹಿರಿಯರು ಮನೆಯೊಳಗೆ ಪಿಸುಗುಟ್ಟುತ್ತಿದ್ದ ಆ ನೆನಪನ್ನು ಮೊಮ್ಮಕ್ಕಳು ಚೌಕದಲ್ಲಿ ಕೂಗಿ ಹೇಳಿದರು. ಬೇಡಿಕೆ ಮಾತ್ರ ಇಂದಿನವು. ವಿಶ್ವವಿದ್ಯಾಲಯ, ಉದ್ಯೋಗ, ಕ್ಯಾನ್ಸರ್ ಆಸ್ಪತ್ರೆ. ರಿಫ್‌ನಲ್ಲಿ ಕ್ಯಾನ್ಸರ್ ಹೆಚ್ಚು, 1920ರ ದಶಕದಲ್ಲಿ ಸ್ಪೇನ್ ಸುರಿದ ವಿಷಾನಿಲವೇ ಕಾರಣ ಎಂದು ಅಲ್ಲಿನ ಜನ ನಂಬುತ್ತಾರೆ. 2017ರ ಮಾರ್ಚ್ 8ರಂದು ಹೆಂಗಸರೇ ಮೆರವಣಿಗೆ ನಡೆಸಿದರು. ಮೇ ಕೊನೆಗೆ ನಾಸಿರ್ ಬಂಧನವಾಯಿತು, 2018ರ ಜೂನಿನಲ್ಲಿ 20 ವರ್ಷ ಶಿಕ್ಷೆ.

ಈ ಕಥೆಯಲ್ಲಿ ನನ್ನನ್ನು ಬಹಳ ಕಾಡುವವರು ನಾಸಿರ್‌ನ ತಂದೆ ಅಹ್ಮದ್. ಮಗ ಜೈಲಿಗೆ ಹೋದ ಮೇಲೆ ಈ ವೃದ್ಧರು ಕೈದಿಗಳ ಕುಟುಂಬಗಳ ದನಿಯಾದರು. ಯುರೋಪಿನ ಊರೂರು ಸುತ್ತಿದರು. 2018ರಲ್ಲಿ ಯುರೋಪಿಯನ್ ಸಂಸತ್ತಿನ ಸಖಾರೊವ್ ಪ್ರಶಸ್ತಿಯ ಅಂತಿಮ ಪಟ್ಟಿಗೆ ಮಗನ ಹೆಸರು ಬಂದಿತ್ತು. ಸಾಮಾನ್ಯವಾಗಿ ತಂದೆಯ ಹೋರಾಟವನ್ನು ಮಗ ಮುಂದುವರಿಸುತ್ತಾನೆ. ಇಲ್ಲಿ ಮಗನದನ್ನು ತಂದೆ ಹೊತ್ತರು. ಆಮೇಲೆ ಅವರಿಗೇ ಕ್ಯಾನ್ಸರ್ ಬಂತು. 2025ರ ಸೆಪ್ಟೆಂಬರ್ ಮೊದಲ ವಾರ ತೀರಿಕೊಂಡರು. ಅಂತ್ಯಸಂಸ್ಕಾರಕ್ಕೆ ಮಗನನ್ನು ಜೈಲಿನಿಂದ ಕರೆತಂದರು, ಮನೆಯ ಮುಂದೆ ಸಾವಿರಾರು ಜನ ನೆರೆದಿದ್ದರು. ಅದೇ ತಿಂಗಳ 27ರಂದು ಮೊರಾಕೊದ ನಗರಗಳಲ್ಲಿ ‘ಜೆನ್ ಝಡ್ 212’ ಎಂಬ ಹೆಸರಿನಲ್ಲಿ ಹದಿಹರೆಯದವರು ಬೀದಿಗಿಳಿದರು. ಅವರು ಸೇರಿದ್ದು ಡಿಸ್ಕಾರ್ಡ್ ಎಂಬ, ಆಟವಾಡುವವರ ಆ್ಯಪ್‌ನಲ್ಲಿ. ಕಿಡಿ ಹೊತ್ತಿದ್ದು ಅಗಾದಿರ್‌ನ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ ಬಂದ ಹೆಂಗಸರ ಸಾವುಗಳಿಂದ. ಅಗಾದಿರ್ ಅಮಾಜಿಘ್ ಸೀಮೆಯ ಹೃದಯ. ಆದರೂ ಇದನ್ನು ಅಮಾಜಿಘ್ ಚಳವಳಿ ಎಂದು ಯಾರೂ ಕರೆಯಲಿಲ್ಲ, ಕರೆಯಬೇಕಾಗಿಯೂ ಇಲ್ಲ. 2017ರಲ್ಲಿ ರಿಫ್ ಕೇಳಿದ ಆಸ್ಪತ್ರೆಯನ್ನು ಈಗ ಇಡೀ ದೇಶದ ಮಕ್ಕಳು ಕೇಳುತ್ತಿದ್ದಾರೆ.

ಅಲ್ಜೀರಿಯಾದ ಮಾತೂ ಹೇಳಿಬಿಡುತ್ತೇನೆ. 2016ರಲ್ಲಿ ಅಲ್ಲಿ ತಮಾಜಿಘ್ತ್ ಅಧಿಕೃತ ಭಾಷೆಯಾಯಿತು. 2017ರ ಕೊನೆಗೆ ಅದರ ಬೋಧನೆಯನ್ನು ಎಲ್ಲೆಡೆ ವಿಸ್ತರಿಸುವ ತಿದ್ದುಪಡಿಯನ್ನು ಸಂಸತ್ತು ತಳ್ಳಿಹಾಕಿದಾಗ ಬುಯಿರಾ, ತಿಜಿ ಉಜು, ಬಿಜಾಯಾದ ವಿದ್ಯಾರ್ಥಿಗಳು ತರಗತಿ ಬಿಟ್ಟು ಬಂದರು. ತಿಂಗಳೊಳಗೆ ಸರ್ಕಾರ ‘ಯೆನ್ನಾಯರ್’ ಎಂಬ ಅಮಾಜಿಘ್ ಹೊಸವರ್ಷಕ್ಕೆ, ಜನವರಿ 12ಕ್ಕೆ, ರಜೆ ಘೋಷಿಸಿತು. ಶಿಕ್ಷಕರನ್ನು ಕೇಳಿದರೆ ರಜೆ ಸಿಕ್ಕಿತು! 2019ರ ಫೆಬ್ರವರಿ 22ರಂದು ಆಳುವವರ ವಿರುದ್ಧ ಅಲ್ಜೀರಿಯಾದ್ದೇ ಹಿರಾಕ್ ಶುರುವಾದಾಗ, 2001ರಿಂದ ಮುಚ್ಚಿದ್ದ ಅಲ್ಜಿಯರ್ಸ್‌ನ ಬೀದಿಗಳು ಮತ್ತೆ ತುಂಬಿದವು. ಅಲ್ಜೀರಿಯಾದ ಬಾವುಟದ ಪಕ್ಕದಲ್ಲೇ ಅಮಾಜಿಘ್ ಬಾವುಟ. ಜೂನ್ 19ರಂದು ಸೇನಾ ಮುಖ್ಯಸ್ಥ ಗಾಯದ್ ಸಾಲಹ್ ಒಂದೇ ಬಾವುಟ ಇರಬೇಕು ಎಂದು ಗುಡುಗಿದರು. ಮರು ಶುಕ್ರವಾರದಿಂದ ಬಾವುಟ ಹಿಡಿದ ತರುಣ ತರುಣಿಯರನ್ನು ‘ರಾಷ್ಟ್ರದ ಏಕತೆಗೆ ಧಕ್ಕೆ’ ಎಂಬ ದಂಡಸಂಹಿತೆಯ 79ನೇ ವಿಧಿಯಡಿ ಜೈಲಿಗಟ್ಟಿದರು. ಅವರಲ್ಲಿ ತಿಜಿ ಉಜು ಪ್ರಾಂತ್ಯ ಸಭೆಯ ಚುನಾಯಿತ ಸದಸ್ಯೆ, ಇಪ್ಪತ್ತರ ಹರೆಯದ ಸಮೀರಾ ಮೆಸ್ಸೂಸಿ ಒಬ್ಬರು. ಆಳುವವರು ಬಯಸಿದ್ದು ಅರಬ್-ಕಬೀಲಿ ಜಗಳ. ಬೀದಿಯಲ್ಲಿ ಕೇಳಿದ್ದು ‘ಕಬೀಲಿ, ಅರಬ್, ಅಣ್ಣತಮ್ಮ’ ಎಂಬ ಕೂಗು. 1930ರ ಅನುಮಾನಕ್ಕೆ ಹಿರಿಯರು ಪ್ರಬಂಧಗಳಲ್ಲಿ ಉತ್ತರ ಬರೆದಿದ್ದರು. ಈ ಮಕ್ಕಳು ಪಕ್ಕದಲ್ಲಿ ನಡೆಯುತ್ತಿದ್ದವನ ಹೆಗಲ ಮೇಲೆ ಕೈಯಿಟ್ಟು ಮುಗಿಸಿದರು.

ಲಿಬಿಯಾದ ಬಗ್ಗೆ ಎರಡೇ ಮಾತು. ಗದ್ದಾಫಿಯ ಕಾಲದಲ್ಲಿ ಮಕ್ಕಳಿಗೆ ಅಮಾಜಿಘ್ ಹೆಸರಿಡುವುದೇ ಅಪರಾಧ. 2011ರಲ್ಲಿ ನಫೂಸಾ ಬೆಟ್ಟ ಅವನ ಕೈತಪ್ಪಿದ ಕೂಡಲೇ ಊರ ಗೋಡೆಗಳ ಮೇಲೆ ಟಿಫಿನಾಘ್ ಮೂಡಿತು, ತರುಣರು ತಾವೇ ಕಲಿಯುತ್ತ ಮಕ್ಕಳಿಗೆ ಕಲಿಸಿದರು.

ಈಗ ನನ್ನ ಆತಂಕವನ್ನೂ ಹೇಳಬೇಕು. ಮೊರಾಕೊದ 2004ರ ಜನಗಣತಿಯಲ್ಲಿ ಅಮಾಜಿಘ್ ಮಾತಾಡುವವರು ಶೇಕಡ 28. 2024ರಲ್ಲಿ ಶೇಕಡ 24.8. ಕಾರ್ಯಕರ್ತರು ಈ ಅಂಕಿಯನ್ನು ಒಪ್ಪುವುದಿಲ್ಲ, ಪ್ರಶ್ನೆ ಕೇಳಿದ ರೀತಿಯೇ ಸರಿಯಿಲ್ಲ ಎನ್ನುತ್ತಾರೆ. ಇರಬಹುದು. ಆದರೆ ಕಾಸಾಬ್ಲಾಂಕಾದಲ್ಲಿ ಬೆಳೆದ ಮಗು ಅಜ್ಜಿಯ ಜೊತೆ ಅರಬ್ಬಿಯಲ್ಲಿ ಮಾತಾಡುವುದು ಗಣತಿಯ ತಪ್ಪಲ್ಲ. ತಂತ್ರಜ್ಞಾನ ಸ್ವಲ್ಪ ಮಟ್ಟಿಗೆ ಕೈಹಿಡಿದಿದೆ. 2005ರಲ್ಲಿ ಟಿಫಿನಾಘ್ ಯುನಿಕೋಡ್‌ಗೆ ಬಂತು, ಫೋನುಗಳಲ್ಲಿ ಕೀಲಿಮಣೆ ಬಂತು. 2024ರ ಜೂನಿನಲ್ಲಿ ಗೂಗಲ್ ಅನುವಾದಕ್ಕೆ ಸೇರಿದ 110 ಭಾಷೆಗಳಲ್ಲಿ ತಮಾಜಿಘ್ತ್ ಲ್ಯಾಟಿನ್ ಲಿಪಿಯಲ್ಲೂ ಟಿಫಿನಾಘ್‌ನಲ್ಲೂ ಇದೆ. ಅದೇ ಪಟ್ಟಿಯಲ್ಲಿ ನಮ್ಮ ತುಳುವೂ ಇತ್ತು. ಹಾಗಿದ್ದೂ ಹುಡುಗರು ಪರಸ್ಪರ ಬರೆಯುವುದು ಹೆಚ್ಚಾಗಿ ಲ್ಯಾಟಿನ್ ಅಕ್ಷರಗಳಲ್ಲಿ. 2023ರ ಸೆಪ್ಟೆಂಬರ್ 8ರ ಭೂಕಂಪದಲ್ಲಿ ಹೈ ಅಟ್ಲಾಸ್‌ನ ಅಮಾಜಿಘ್ ಹಳ್ಳಿಗಳು ನೆಲಸಮವಾಗಿ ಸುಮಾರು 3,000 ಜನ ಸತ್ತರು. ಅರಬ್ಬಿ ಬಾರದ ಮುದುಕಿಯರ ನೋವನ್ನು ಹೊರಗಿನಿಂದ ಬಂದ ನೆರವಿನವರಿಗೆ ತಿಳಿಸಿದವರು ಊರಿನ ಎರಡು ನುಡಿ ಬಲ್ಲ ಹುಡುಗ ಹುಡುಗಿಯರು. ಸಂವಿಧಾನ ‘ಅಧಿಕೃತ’ ಎಂದು ಹನ್ನೆರಡು ವರ್ಷವಾಗಿತ್ತು ಆಗ.

ಸಭಿಕರೊಬ್ಬರು ಕೇಳಿದರು: ಈ ಯುವಕರಿಗೆ ಬೇರೆ ದೇಶ ಬೇಕೇ?

ಕೆಲವರಿಗೆ ಬೇಕು. ಕಬೀಲಿಯಾದಲ್ಲಿ 2001ರ ರಕ್ತಪಾತದ ನಂತರ ಹಾಡುಗಾರ ಫರ್ಹಾತ್ ಮೆಹೆನ್ನಿ ಸ್ವಾಯತ್ತತೆಗಾಗಿ ಸಂಘಟನೆ ಕಟ್ಟಿದರು. ಮುಂದೆ ಅದು ಸ್ವನಿರ್ಣಯದ ಬೇಡಿಕೆಗೆ ಹೋಯಿತು. 2021ರಲ್ಲಿ ಅಲ್ಜೀರಿಯಾ ಅದನ್ನು ಭಯೋತ್ಪಾದಕ ಸಂಘಟನೆ ಎಂದು ಘೋಷಿಸಿತು. ಅದರ ನೆಪದಲ್ಲಿ ಸಂಬಂಧವಿಲ್ಲದ ಕಾರ್ಯಕರ್ತರ ಮೇಲೂ ಮೊಕದ್ದಮೆ ಬಿದ್ದವು. ಆದರೆ ನಾನು ಇವತ್ತು ಹೇಳಿದ ಇಮಿದರ್, ರಿಫ್, 2019ರ ಬಾವುಟಧಾರಿಗಳು, ಇವರ್ಯಾರ ಬೇಡಿಕೆ ಪಟ್ಟಿಯಲ್ಲೂ ಪ್ರತ್ಯೇಕ ದೇಶ ಇಲ್ಲ. ಆಸ್ಪತ್ರೆ ಕೇಳಿದವನ ಮೇಲೆ ಪ್ರತ್ಯೇಕತಾವಾದಿ ಎಂಬ ಪಟ್ಟಿ ಹಚ್ಚುವುದು ಆಳುವವರಿಗೆ ಸುಲಭ, ಆಸ್ಪತ್ರೆ ಕಟ್ಟುವುದು ಕಷ್ಟ.

ಇನ್ನೊಬ್ಬರು, ವಿದ್ಯಾರ್ಥಿನಿ, ಕೇಳಿದರು: ಹಾಗಾದರೆ ಹಿರಿಯರ ಕಾನೂನು ಹೋರಾಟವೆಲ್ಲ ವ್ಯರ್ಥವೇ?

ಖಂಡಿತ ಅಲ್ಲ. ಮೊರಾಕೊದಲ್ಲಿ ಅಮಾಜಿಘ್ ಜಾರಿಗೆ ತರುವ 26.16 ಸಂಖ್ಯೆಯ ಕಾನೂನು 2019ರಲ್ಲಿ ಬಂತು. ಅದರಲ್ಲಿ ಕೆಲಸಗಳನ್ನು 5, 10, 15 ವರ್ಷಗಳ ಮೂರು ಗಡುವುಗಳಿಗೆ ಹಂಚಿದ್ದಾರೆ. ಮೊದಲ ಗಡುವು 2024ರಲ್ಲೇ ದಾಟಿತು, ಶಾಲೆಗಳಿಗೆ ಬೇಕಾದಷ್ಟು ಶಿಕ್ಷಕರಿಲ್ಲ. ಆದರೆ ಗಡುವು ಎಂಬುದೊಂದು ಕಾಗದದ ಮೇಲಿದೆ, ಅದನ್ನು ಅಲ್ಲಿ ಬರೆಸಿದವರು ಹಿರಿಯರು. ಕೊನೆಯ ಗಡುವು 2034. ಕಾನೂನು ಬಂದ ವರ್ಷ ಒಂದನೇ ತರಗತಿಗೆ ಸೇರಿದ ಮಗುವಿಗೆ ಆಗ ಇಪ್ಪತ್ತೊಂದಾಗಿರುತ್ತದೆ. ಆ ಮಗು ತಿಂಘೀರ್‌ನದೋ ಅಲ್ ಹುಸೈಮಾದ್ದೋ ಆಗಿದ್ದರೆ, ಬೀದಿಯಲ್ಲಿ ನಿಂತು ಲೆಕ್ಕ ಕೇಳುವುದು ಹೇಗೆಂದು ಮನೆಯಲ್ಲೇ ಕಲಿತಿರುತ್ತದೆ.